ಶೋಕೇಸಿನ ತಪ್ಪಲೆ

ಭದ್ರಾವತಿ
೧೪-೭-೨೦೨೫, ಸೋಮವಾರ

ಪ್ರೀತಿಯ ಜಯಕ್ಕನಿಗೆ ರಾಜಿಯ ನಮಸ್ಕಾರಗಳು.

ಕಣ್ಣಿನ ಆಪರೇಷನ್ ಆಗಿ ತಿಂಗಳಾಯಿತಲ್ಲ, ಅಕ್ಷರ ಸರಿಯಾಗಿ ಕಾಣುತ್ತಿದೆಯೇ? ಹುಬ್ಬಳ್ಳಿಯ ನೀರು ಒಗ್ಗಿತೇ? ನಿನ್ನಂಥವಳನ್ನು ಸುಮ್ಮನೆ ಕೂರಿಸುವುದೂ ಒಂದು ಶಿಕ್ಷೆಯೇ ಎಂದು ನಿನ್ನ ಮಗಳು ಅಮೂಲ್ಯಳಿಗೆ ಹೇಳು. ಫೋನ್ ಮಾಡಿದರೆ ಅತ್ತುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಹಾಜರಾಳ ಗಂಡ ಅಬ್ಬಾಸ್ ಅಲಿ ಹೋದ ಗುರುವಾರ ಬೆಳಿಗ್ಗೆ ತೀರಿಕೊಂಡ. ಎದೆನೋವು ಎಂದವನು ಆಸ್ಪತ್ರೆ ಮುಟ್ಟಲಿಲ್ಲ. ನಮ್ಮ ಕ್ವಾರ್ಟರ್ಸಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಅಲ್ಲಿ ಒಲೆ ಹಚ್ಚುವುದಿಲ್ಲ ಎಂದು ನೀನು, ನಾನು, ವಿಮಲಮ್ಮ, ಹಾಜರಾ ಸೇರಿ ಅನ್ನ-ಸಾರು ಮಾಡುತ್ತಿದ್ದೆವಲ್ಲ, ಅದನ್ನೆಲ್ಲ ಇಷ್ಟು ವರ್ಷ ಆಟೋದಲ್ಲಿ ಹೊತ್ತವನು ಅವನೇ. ಅಮ್ಮನ ಹಿತ್ತಾಳೆ ತಪ್ಪಲೆ ಕುಲುಕಬಾರದೆಂದು ಬಾಣಂತಿಯನ್ನು ಕರೆದೊಯ್ಯುವ ಹಾಗೆ ಮೆಲ್ಲಗೆ ಓಡಿಸುತ್ತಿದ್ದ.

ನೀನು ಹೋದ ಮೇಲೆ ಈ ಆರು ತಿಂಗಳಲ್ಲಿ ಇಲ್ಲಿ ಆದದ್ದನ್ನು ಕೇಳು. ಯಾರೋ ದೊಡ್ಡವರು ಅಕ್ಕಿ ಕೊಡಲು ಬಂದು, ನಿಮ್ಮದು ರಿಜಿಸ್ಟರ್ ಆಗಿದೆಯೇ, ಪದಾಧಿಕಾರಿಗಳು ಯಾರು ಎಂದು ಕೇಳಿದರು. ಎರಡೂ ಇರಲಿಲ್ಲ. ವಿಮಲಮ್ಮನಿಗೆ ಅದು ಅವಮಾನವಾಗಿ ಕಂಡಿತು. ಆಮೇಲೆ ಸಂಘ ಬಂತು, ಬೈಲಾ ಬಂತು, ಸೀಲು ಬಂತು, ವಿಮಲಮ್ಮ ಅಧ್ಯಕ್ಷೆಯಾದಳು. ಸಾವು ಇಲ್ಲಾಗುತ್ತದೆ, ಆಫೀಸು ಮಾತ್ರ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ, ಏಕೆಂದರೆ ಆ ವಿಳಾಸಕ್ಕೆ ಬೆಲೆಯಂತೆ. ಗೋಡೆಯ ಬೋರ್ಡಿನಲ್ಲಿ ಫಲಾನುಭವಿ ಆಯ್ಕೆ ಉಪಸಮಿತಿ, ಗುಣಮಟ್ಟ ಉಪಸಮಿತಿ ಅಂತೆಲ್ಲ ಬರೆಸಿದ್ದಾರೆ. ಆ ಉಪಸಮಿತಿಗಳು ಒಂದು ದಿನವೂ ಸೇರಿಲ್ಲ. ಬಂದವರು ಬೋರ್ಡು ನೋಡಿ ಕೈ ಮುಗಿಯುತ್ತಾರೆ, ಅಷ್ಟು ಸಾಕಂತೆ. ಹೊಸ ಏಪ್ರನ್ ಕಟ್ಟಿಕೊಂಡು, ಹಚ್ಚದ ಒಲೆಯ ಮುಂದೆ ಸೌಟು ಹಿಡಿದು ಫೋಟೋ ತೆಗೆಸಿಕೊಂಡರು. ಅಮ್ಮನ ತಪ್ಪಲೆಯನ್ನು ಉಜ್ಜಿ ಗಾಜಿನ ಶೋಕೇಸಿನಲ್ಲಿಟ್ಟು, ಅದರ ಕಂಠದಲ್ಲಿ ಕೊರೆದಿದ್ದ ಅಮ್ಮನ ಹೆಸರಿನ ಮೇಲೆ ಸಂಘದ ಸ್ಟಿಕ್ಕರ್ ಅಂಟಿಸಿದ್ದಾರೆ.

ಗುರುವಾರ ನಾನು ವಿಮಲಮ್ಮನಿಗೆ ಫೋನ್ ಮಾಡಿ, ತಪ್ಪಲೆ ಕಳಿಸಿ, ಅಕ್ಕಿ ತೊಳೆಯುತ್ತೇನೆ ಅಂದೆ.

"ಊಟದ ವಿಷ್ಯ ಸೋಮವಾರದ ಮೀಟಿಂಗಿಗೆ ಇಡ್ತೀನಿ ರಾಜಿ. ನಾವು ಈಗ ಮೊದಲಿನ ಹಾಗಲ್ಲ ಕಣೇ, ಜನ ನಮ್ಮನ್ನ ನೋಡ್ತಿರ್ತಾರೆ" ಅಂದಳು.

ಸತ್ತವನ ಮನೆಯ ಹಸಿವು ಸೋಮವಾರದವರೆಗೆ ಕಾಯುತ್ತದೆಯೇ ಅಕ್ಕಾ? ನನ್ನ ಕುಕ್ಕರಿನಲ್ಲಿ ಆದಷ್ಟನ್ನು ಮಾಡಿ ಒಯ್ದೆ. ಊರೂರಿಂದ ಬಂದಿದ್ದ ನೆಂಟರಿಗೆ ಅದು ಎಲ್ಲಿ ಸಾಲಬೇಕು? ಮಕ್ಕಳಿಗೆ ಬಡಿಸಿ ದೊಡ್ಡವರು ಚಹಾ ಕುಡಿದರು.

ಸಂಜೆ ವಿಮಲಮ್ಮ ಕಾರಿನಲ್ಲಿ ಬಂದಳು. ಸಂತಾಪ ಸೂಚಿಸಲು ಮೀಟಿಂಗ್ ಬೇಡವಂತೆ, ಅದಕ್ಕೆ ಅಧ್ಯಕ್ಷರಿಗೇ ಅಧಿಕಾರವಿದೆಯಂತೆ. ಚಿನ್ನದ ಬಣ್ಣದ ಕಟ್ಟು ಹಾಕಿಸಿದ ಸಂತಾಪ ನಿರ್ಣಯವನ್ನು ಒಳಗೆ ಗೋಡೆಗೊರಗಿ ಕೂತಿದ್ದ ಹಾಜರಾಳ ಮಡಿಲಲ್ಲಿ ಇಟ್ಟಳು. ಹಾಜರಾ ಅದನ್ನು ನೋಡಲಿಲ್ಲ. ಬಾಗಿಲ ಕಡೆ ಕಣ್ಣು ಹಾಯಿಸಿ, ಮೆಲ್ಲಗೆ ಕೇಳಿದಳು:

"ಊಟದ ಗಾಡಿ ಹಿಂದೆ ಬರ್ತಿದೆಯಾ ಅಕ್ಕ?"

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಎಷ್ಟು ಮನೆಗಳಿಗೆ ಹಾಜರಾಳ ಆ ಕೈ ಅನ್ನ ಬಸಿದಿದೆ ಎಂದು ವಿಮಲಮ್ಮನಿಗೆ ಗೊತ್ತಿಲ್ಲವೇ? ಗೊತ್ತು. ಅದಕ್ಕೇ ನನಗೆ ಅವಳ ಮೇಲೆ ಇಷ್ಟು ಸಿಟ್ಟು.

ಬರುವ ತಿಂಗಳು ಆಫೀಸಿನ ಉದ್ಘಾಟನೆಯಂತೆ. ನಿನ್ನನ್ನು ಸಂಸ್ಥಾಪಕಿ ಎಂದು ಕರೆದು ಶಾಲು ಹೊದಿಸುತ್ತಾರಂತೆ. ಹೋಗುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ಕಣ್ಣಿಗೆ ಔಷಧಿ ಬಿಡುವುದನ್ನು ಮರೆಯಬೇಡ. ಅಮೂಲ್ಯಳಿಗೆ ನನ್ನ ಆಶೀರ್ವಾದ.

ಇತಿ ನಿನ್ನ ತಂಗಿ,
ರಾಜಿ

ತಾ.ಕ.: ಶನಿವಾರ ನಾನೇ ಸವಳಂಗ ರಸ್ತೆಗೆ ಹೋಗಿ, ಕಲಾಯಿ ಹಾಕಿಸಬೇಕು ಎಂದು ಹೇಳಿ ತಪ್ಪಲೆ ತಂದೆ. ಹಾಜರಾಳ ಮನೆಗೆ ಅದರಲ್ಲೇ ಅನ್ನ ಮಾಡಿದೆ. ಅಡಿ ಹತ್ತಿದೆ, ಸ್ಟಿಕ್ಕರ್ ಸುಟ್ಟು ಅಮ್ಮನ ಹೆಸರು ಕಾಣುತ್ತಿದೆ. ಈಗ ಅದು ಸಂಘದ ಆಸ್ತಿ, ಕಳವಾಗಿದೆ ಎನ್ನುತ್ತಿದ್ದಾರೆ. ನೀನೇ ಸಂಘಕ್ಕೆ ಕೊಟ್ಟದ್ದೆಂದು ಬರೆದುಕೊಡು ಎಂದು ನಿನಗೆ ಫೋನ್ ಮಾಡುತ್ತಾರೆ. ಬರೆದುಕೊಡಬೇಡ. ಈ ಸಲ ತಪ್ಪಲೆ ಇಳಿಸಲು ಹಾಜರಾಳ ನಾದಿನಿ ಕೈ ಜೋಡಿಸಿದಳು, ನಾಳೆ ಅವಳೂ ಊರಿಗೆ ಹೊರಡುತ್ತಾಳೆ. ನಿನಗೆ ಗೊತ್ತಲ್ಲ, ಅದನ್ನು ಒಲೆಯಿಂದ ಇಳಿಸಲು ಇಬ್ಬರು ಬೇಕು. ಬಾ ಅಕ್ಕಾ.