ಮರಗಸಿ ಮುಗಿದ ಮನೆಯ ಬಿಸಿಲು

೧೪-೯-೨೦೨೫, ಭಾನುವಾರ. ಕೊಡ್ಲಿಪೇಟೆ.

ಕೊನೆಗೂ ಇವತ್ತು ವಿಶಾಲಾಕ್ಷಮ್ಮನವರ ಮನೆಗೆ ಹೋಗಿಬಂದೆ. ಅವರ ಯಜಮಾನರು ಚನ್ನಮಲ್ಲಪ್ಪನವರು ತೀರಿಕೊಂಡು ಹದಿನೈದು ದಿನವಾಯಿತು. ಅವರ ಆಕ್ಸಿಜನ್ ಮಿಷನ್ನಿಗೆಂದು ಸೋಲಾರ್ ಹಾಕಿಕೊಟ್ಟವನು ನಾನು.

ಅಳತೆಗೆ ಹೋದದ್ದು ಏಪ್ರಿಲ್‌ನಲ್ಲಿ. ಆಗಷ್ಟೇ ಮರಗಸಿ ಮುಗಿದಿತ್ತು. ಕಾಫಿಗೆ ನೆರಳು ಕೊಡುವ ಮರಗಳ ಕೊಂಬೆಯನ್ನೆಲ್ಲ ಕಡಿದಿದ್ದರಿಂದ ಹೆಂಚಿನ ಮೇಲೆ ಸಂಜೆಯವರೆಗೂ ಬಿಸಿಲಿತ್ತು. ಕರೆಂಟ್ ಹೋದರೂ ಮಿಷನ್ ಎಂಟು ಗಂಟೆ ಓಡುತ್ತದೆ ಎಂದೆ. ಅವರ ಕ್ಯಾಲೆಂಡರಿನಲ್ಲಿ ಬರೆದೂ ಕೊಟ್ಟೆ.

ಕಡಿದ ಕೊಂಬೆ ಮಳೆಗಾಲದಲ್ಲಿ ಚಿಗುರುತ್ತದೆ ಎಂದು ನನಗೆ ಯಾರಾದರೂ ಹೇಳಿಕೊಡಬೇಕಿತ್ತೇ? ನಮ್ಮಪ್ಪ ಮರಗಸಿ ಮಾಡಿಯೇ ನನ್ನನ್ನು ಐಟಿಐ ಓದಿಸಿದವರು. ಇವತ್ತು ಏಣಿ ಹತ್ತಿ ನೋಡಿದರೆ ಪ್ಯಾನೆಲ್ ಪೂರ್ತಿ ನೆರಳಿನಲ್ಲಿದೆ. ಯಜಮಾನರು ತೀರಿಕೊಂಡ ಸಂಜೆ ಕರೆಂಟ್ ಹೋದಾಗ ಬ್ಯಾಟರಿ ಮುಕ್ಕಾಲು ಗಂಟೆಯೂ ಬರಲಿಲ್ಲವಂತೆ.

ಬೈಯಲಿ ಎಂದು ಕಾದೆ. ಕಾಫಿ ತಂದುಕೊಟ್ಟರು.

“ಸೋಲಾರು ನಮ್ಮ ಕಡೆ ಆಗೋದೇ ಇಲ್ವೇನಪ್ಪ?”

ಆಗುತ್ತದಮ್ಮ, ನಾನು ಮಳೆಗಾಲದ ಬಿಸಿಲು ನೋಡಿ ಲೆಕ್ಕ ಹಾಕಬೇಕಿತ್ತು, ಬ್ಯಾಟರಿ ಜಾಸ್ತಿ ಇಡಬೇಕಿತ್ತು ಎಂದೆ. ತಲೆಯಾಡಿಸಿದರು. ನನ್ನ ಲೋಟ ತೆಗೆದುಕೊಳ್ಳುತ್ತಾ ಹೇಳಿದರು:

“ಕರೆಂಟ್ ಹೋದ ತಕ್ಷಣ ಮಗ ನಿರಂಜನ ಕಾರು ತೆಗೀತೀನಿ, ಆಸ್ಪತ್ರೆಗೆ ಹೋಗೋಣ ಅಂದ. ನಾನೇ ಬ್ಯಾಡ ಅಂದೆ. ಎಂಟು ಗಂಟೆ ಅಂತ ನೀನು ಬರೆದಿದ್ಯಲ್ಲಪ್ಪ.”

ಮಾತಿನಲ್ಲಿ ಕೋಪವೇ ಇರಲಿಲ್ಲ. ಇದ್ದಿದ್ದರೆ ಈಗ ನಿದ್ದೆಯಾದರೂ ಬರುತ್ತಿತ್ತೇನೋ.

ಗೋಡೆಯ ಮೇಲೆ ಏಪ್ರಿಲ್ ಹಾಳೆಯೇ ಇತ್ತು, ಯಾರೂ ತಿರುವಿಲ್ಲ. ನನ್ನ ಅಕ್ಷರ ಎಷ್ಟು ದುಂಡಗೆ, ಎಷ್ಟು ನಂಬುವ ಹಾಗೆ ಇತ್ತು.