ಎಡಕ್ಕೆ ವಾಲಿದ ಗೊಂಬೆ

ನವೆಂಬರ್ ೧೨, ಬುಧವಾರ

ಆ ತೋಳು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಇವತ್ತು ಯುದ್ಧ ಟ್ಯಾಂಕಿನೊಳಗೆ ಬೆಂಕಿ ಹಚ್ಚಿ, ಅದನ್ನು ಆರಿಸುವ ವ್ಯವಸ್ಥೆಯ ಪರೀಕ್ಷೆ ಮಾಡಿದೆವು. ಕಣ್ಣು ಮಿಟುಕಿಸುವಷ್ಟರಲ್ಲಿ ಗ್ಯಾಸ್ ಚಿಮ್ಮಿ ಬೆಂಕಿ ಆರಿತು. ಆದರೆ ಚಾಲಕನ ಬದಲು ಸೀಟಿನಲ್ಲಿ ಕೂರಿಸಿದ್ದ ಗೊಂಬೆಯ ಎಡತೋಳು ಸುಟ್ಟು ಕರಕಲಾಗಿತ್ತು.

"ಯಾರಮ್ಮ ಇದನ್ನ ಹೀಗೆ ವಾಲಿಸಿ ಕೂರಿಸಿದ್ದು?" ಮುಖ್ಯಸ್ಥರು ರೇಗಿದರು.

ನಾನೇ. ಬೆಲ್ಟು ಬಿಗಿಯುವಾಗ ಕೈ ತಾನಾಗಿಯೇ ವಾಲಿಸಿಬಿಟ್ಟಿತ್ತು, ನಮ್ಮ ಮನೆಯವರು ಕೂರುವ ಹಾಗೆ. ಇಂಥದ್ದೇ ಟ್ಯಾಂಕ್ ಓಡಿಸಲು ಗಡಿಗೆ ಹೋದವರನ್ನು ನೋಡಿ ಏಳು ತಿಂಗಳಾಯಿತು.

"ಓಡಿಸೋರು ಯಾವಾಗ್ಲೂ ನೆಟ್ಟಗೇ ಕೂರ್ತಾರಾ ಸಾರ್? ಎಡಗಡೆಗೂ ಗ್ಯಾಸ್ ಚಿಮ್ಮೋ ಒಂದು ನಾಜಲ್ ಬೇಕು."

"ನಿಯಮದಲ್ಲಿ ನೆಟ್ಟಗೆ ಅಂತಿದೆ. ನಾಳೆ ಸರಿಯಾಗಿ ಕೂರಿಸಿ, ಪಾಸಾಗುತ್ತೆ."

ಪಾಸಾಗುತ್ತದೆ. ಹೇಳಿದ ಮಾತನ್ನು ಗೊಂಬೆ ಕೇಳುತ್ತದೆ. ಇವರು ಊಟಕ್ಕೆ ಕೂತರೂ ಎಡಕ್ಕೇ ವಾಲುತ್ತಿದ್ದರು. ಎಡಗಡೆ ನಾನಿರುತ್ತಿದ್ದೆ.