ಕಂದೀಲಿನ ಬೆಳಕಿನಲ್ಲಿ ಅಪ್ಪನ ಊಟ

ಇಚಲಕರಂಜಿ
ತಾ. ೧೪ ಫೆಬ್ರುವರಿ ೧೯೪೧

ಚಿರಂಜೀವಿ ತಮ್ಮ ಕುಂಥುನಾಥನಿಗೆ ನಿನ್ನ ರಾಜಕ್ಕನ ಆಶೀರ್ವಾದ.

ಜಿನೇಶ್ವರನ ದಯೆಯಿಂದ ಇಲ್ಲಿ ನಾವೆಲ್ಲ ಆರಾಮ. ಕೊಲ್ಹಾಪುರದಿಂದ ನೀನು ಬರೆದ ಪತ್ರ ಬಂದು ಇಪ್ಪತ್ತು ದಿನವಾಯಿತು, ತಡವಾದದ್ದಕ್ಕೆ ಬೇಜಾರಾಗಬೇಡ. ಮಗ್ಗಕ್ಕೆ ನೂಲು ಬರಲಿಲ್ಲ, ಸಣ್ಣವಳಿಗೆ ಕೆಮ್ಮು ಎಂದು ನೆವ ಹೇಳಬಹುದು. ನಿಜ ಹೇಳುವುದಾದರೆ ಮೂರು ಸಲ ಬರೆದು ಮೂರು ಸಲವೂ ಒಲೆಗೆ ಹಾಕಿದೆ. ಅವುಗಳಲ್ಲಿ ಬೈಗುಳವೇ ಹೆಚ್ಚಿತ್ತು. ಇದರಲ್ಲಿ ಕಡಿಮೆ ಇರುತ್ತದೆ ಎಂದು ಮಾತು ಕೊಡಲಾರೆ.

ನೀನು ಕಥೆ ಬರೆದ ಬೋಲಪಟವನ್ನು, ಆ ಮಾತಾಡುವ ಸಿನೆಮಾವನ್ನು, ನೋಡಿದೆ. ಹೋದ ತಿಂಗಳು ನಮ್ಮೂರ ಬಯಲಿನಲ್ಲಿ ಸಿನೆಮಾದ ತಂಬು ಹಾಕಿದ್ದರು. ಮೊದಲ ದಿನವೇ ಪಕ್ಕದ ಮನೆಯ ಚಂಪಾಬಾಯಿಯನ್ನು ಕರೆದುಕೊಂಡು ಹೋದೆ. "ನನ್ನ ತಮ್ಮಂದು" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಹೋದೆನಲ್ಲ, ಆ ನನ್ನ ಬಾಯಿಗೆ ಏನು ಮಾಡಲಿ.

ಮಲ್ಲಾರಿಯ ಕಥೆ ಎಂದು ನೀನು ಮೊದಲೇ ತಿಳಿಸಲಿಲ್ಲ. ನಮ್ಮ ಅಪ್ಪನನ್ನು ಕೊಂದ ಮಲ್ಲಾರಿ. ನಿಪ್ಪಾಣಿ ದಾರಿಯಲ್ಲಿ ಎರಡು ವರ್ಷದಲ್ಲಿ ಆರು ಜನರನ್ನು ಕೊಂದವನು. ಅವನ ಹೆಸರನ್ನು ಹಾಗೇ ಇಟ್ಟೆ, ಅಪ್ಪನ ಹೆಸರನ್ನು ಮಾತ್ರ ಬದಲಿಸಿದೆ. ಬಾಳಗೊಂಡ ಹೋಗಿ ಯಾರೋ ಸಾಹುಕಾರ ಶೇಟ ಬಂದ. ಆದರೆ ಹಳ್ಳದ ಬಾವಿ, ಹುಣಿಸೆಮರ, ಮೆಣಸಿನಕಾಯಿ ಚೀಲದ ಬಂಡಿ ಎಲ್ಲ ಇದ್ದ ಹಾಗೇ ಇವೆ. ನಮ್ಮ ತವರೂರು ಗಡಹಿಂಗ್ಲಜದ ಕೂಸಿಗೂ ಇದು ಯಾರ ಕಥೆ ಎಂದು ಗೊತ್ತಾಗುತ್ತದೆ.

ನಿನ್ನ ಮಲ್ಲಾರಿ ಎಷ್ಟು ಚೆಲುವ! ಕುದುರೆ ಏರುತ್ತಾನೆ, ಹಾಡುತ್ತಾನೆ. ಶೇಟ ಅವನ ತಾಯಿಯನ್ನು ಹೊಲದಿಂದ ಎಳೆದು ಹಾಕಿದ್ದಕ್ಕೆ ಕೊಡಲಿ ಎತ್ತುತ್ತಾನೆ. ಒಬ್ಬ ಕುಣಿಯುವ ಹೆಣ್ಣು ಅವನ ಮೇಲಿನ ಪ್ರೀತಿಗೆ ಶೇಟನ ದಾರಿ ತೋರಿಸುತ್ತಾಳೆ. ಕೊಂದ ಮೇಲೆ ಹೆಣದ ಮೇಲೆ ಹೂ ಇಟ್ಟು ಕಣ್ಣೀರು ಬೇರೆ ಹಾಕುತ್ತಾನೆ. ಕೊಡಲಿ ಬಿದ್ದಾಗ ತಂಬುವಿನಲ್ಲಿ ಸೀಟಿಗಳು ಎದ್ದವು, ಕುಂಥು. ಅವನನ್ನು ಗಲ್ಲಿಗೆ ಒಯ್ದಾಗ ಎಲ್ಲರೂ ಅತ್ತರು. ಚಂಪಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡು, "ಏನ ಚಂದ ಅದಾನವಾ ಮಲ್ಲಾರಿ. ಅಂಥಾವನ್ನ ಗಲ್ಲಿಗಿ ಹಾಕಬಾರದಿತ್ತು ನೋಡ" ಎಂದಳು. ಅವಳಿಗೆ ಗೊತ್ತಿರಲಿಲ್ಲ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಗೊತ್ತಿದ್ದೂ ಬರೆದವನ ಮೇಲೆ ಇದೆ.

ನಮ್ಮ ಮಗ್ಗದ ಜೋತಿಬಾ, ಮೂರು ಮಕ್ಕಳ ತಂದೆ, ಈಗ ಕೊರಳಿಗೆ ಕೆಂಪು ರುಮಾಲು ಕಟ್ಟಿಕೊಂಡು ಮಲ್ಲಾರಿಯ ಹಾಡು ಹಾಡುತ್ತ ಲಾಳಿ ಎಸೆಯುತ್ತಾನೆ. ದಿನಕ್ಕೆ ಹತ್ತು ಸಲ ಕೇಳುತ್ತೇನೆ. ಇದರ ಮೇಲೆ ನಮ್ಮ ಮನೆಯವರು, "ಹೋಗಲಿ ಬಿಡ, ನಾಟಕ ಸಿನೆಮಾ ಅಂದ್ರ ಹಂಗ ಇರ್ತಾವ" ಎನ್ನುತ್ತಾರೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಅಪ್ಪ ಹೋದಾಗ ನಿನಗೆ ಹತ್ತು ವರ್ಷ. ನಿನ್ನನ್ನು ಕಾಕಾನ ಮನೆಯಲ್ಲಿ ಬಿಟ್ಟು ಅವ್ವ ಮತ್ತು ನಾನು ಕೋರ್ಟಿಗೆ ಹೋಗಿದ್ದೆವು. ಮಲ್ಲಾರಿಯನ್ನು ನೀನು ನೋಡಿಲ್ಲ, ನಾನು ನೋಡಿದ್ದೇನೆ. ಗಿಡ್ಡ ಆಳು, ಹಗ್ಗ ಮಾರುತ್ತ ಊರೂರು ತಿರುಗುವವನು. ಕುತ್ತಿಗೆಯಲ್ಲಿ ಕುರು ಎದ್ದಿತ್ತು, ವಕೀಲರು ಮಾತಾಡುವಾಗ ಅದನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದ. ಎರಡು ಸಲ ಆಕಳಿಸಿದ. ನ್ಯಾಯಾಧೀಶರು, "ಬಾಳಗೊಂಡನ್ನ ಯಾಕ ಕೊಂದಿ?" ಎಂದು ಕೇಳಿದರು. ಅವನು ಸ್ವಲ್ಪ ಯೋಚನೆ ಮಾಡಿ, "ಒಬ್ಬರ ಇದ್ದರ್ರಿ" ಎಂದ. ಅಪ್ಪ ಒಬ್ಬನೇ ಇದ್ದ, ಅಷ್ಟೇ ಕಾರಣ. ಕೊಂದ ಪಾಪ ತಿಂದು ಪರಿಹಾರ ಎನ್ನುತ್ತಾರಲ್ಲ, ಅಲ್ಲೇ ಬಾವಿಕಟ್ಟೆಯ ಮೇಲೆ ಕೂತು ಅಪ್ಪನ ಬುತ್ತಿಯನ್ನೂ ಉಂಡಿದ್ದ. "ಬುತ್ತಿ ಭಾಳ ರುಚಿ ಇತ್ತರಿ" ಎಂದು ತಾನೇ ಹೇಳಿದ. ಆ ಬುತ್ತಿ ಕಟ್ಟಿದವಳು ನಾನು.

ಅವನು ಕೊಂದ ಆರು ಜನರಲ್ಲಿ ಬಳೆ ಮಾರುವ ಮುದುಕಿ ಅಕ್ಕವ್ವನೂ ಇದ್ದಳು. ನಿನ್ನ ಬೋಲಪಟದಲ್ಲಿ ಅವಳು ಯಾಕಿಲ್ಲ? ಅವಳು ಯಾರ ಹೊಲ ಕಸಿದಿದ್ದಳು? ಅವಳನ್ನು ತೋರಿಸಿದ್ದರೆ ನಿನ್ನ ನಾಯಕನ ಹಾಡಿಗೆ ಯಾರೂ ತಲೆ ತೂಗುತ್ತಿರಲಿಲ್ಲ, ಅದಕ್ಕೆ ಬಿಟ್ಟೆ.

ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಆ ಊಟ! ಕಗ್ಗತ್ತಲೆ, ಬಂಡಿಯ ನೊಗಕ್ಕೆ ಕಂದೀಲು, ಅದರ ಕೆಳಗೆ ನಿನ್ನ ಶೇಟ ತುಪ್ಪ ಸುರಿದುಕೊಂಡು ಗಬಗಬ ಉಣ್ಣುತ್ತಾನೆ. ಜೈನರ ಮನೆಯಲ್ಲಿ ಹುಟ್ಟಿದವನು ಬರೆಯುವ ಮಾತೇ ಇದು? ಹೊತ್ತು ಮುಳುಗಿದ ಮೇಲೆ ಅಪ್ಪ ಒಂದು ಅಗುಳು ಮುಟ್ಟಿದ್ದನ್ನು ಯಾರಾದರೂ ಕಂಡಿದ್ದಾರೆಯೇ? ಜ್ವರದಲ್ಲಿ ಬಿದ್ದಾಗ ವೈದ್ಯರು ರಾತ್ರಿ ಗಂಜಿ ಕೊಡಿ ಎಂದರೂ ಬಾಯಿ ತೆರೆಯದವನು. "ಖೂನಿಗೆ ರಾತ್ರಿಯೇ ಬೇಕು, ಇಲ್ಲದಿದ್ದರೆ ನೋಡುವವರ ಮೈ ಜುಮ್ಮೆನ್ನುವುದಿಲ್ಲ ಎಂದು ಡೈರೆಕ್ಟರ ಸಾಹೇಬರು ಹೇಳಿದರು" ಎಂದು ಬರೆದಿದ್ದೀ. ಹೋಗಿ ಹೇಳು ನಿನ್ನ ಸಾಹೇಬರಿಗೆ. ಅಪ್ಪ ಸತ್ತಾಗ ಹೊತ್ತು ಇನ್ನೂ ಗುಡ್ಡದ ಮೇಲಿತ್ತು. ದೂರದ ಹೊಲಗಳಲ್ಲಿ ಜನ ಇನ್ನೂ ಕೆಲಸ ಮಾಡುತ್ತಿದ್ದರು. ಅಪ್ಪ ಉಣ್ಣುವ ಮೊದಲು ನೀರು ಸೋಸಲು ಬಗ್ಗಿದ್ದ. ಸೋಸುವ ಅರಿವೆ ಬಾವಿಕಟ್ಟೆಯ ಮೇಲೆ ಇನ್ನೂ ಹಸಿಯಾಗಿತ್ತು ಎಂದು ಹೆಣ ತಂದವರು ಹೇಳಿದರು.

ಈಗ ನಿನ್ನ ಪತ್ರದ ಕೊನೆಯ ಮಾತಿಗೆ ಬರುತ್ತೇನೆ. ಬರುವ ಯುಗಾದಿಗೆ ಈ ಬೋಲಪಟ ಗಡಹಿಂಗ್ಲಜಕ್ಕೆ ಬರುತ್ತದೆ, ಅವ್ವನನ್ನು ಮುಂದಿನ ಖುರ್ಚಿಯಲ್ಲಿ ಕೂರಿಸಿ ತೋರಿಸುತ್ತೇನೆ ಎಂದು ಬರೆದಿದ್ದೀ. ಅವ್ವನ ಹದಿನಾಲ್ಕು ವರ್ಷ ಹೇಗೆ ಹೋದವು ಎಂದು ನಿನಗೆ ಗೊತ್ತಿಲ್ಲವೇ? ಅಪ್ಪ ಹೋದ ವರ್ಷ ನಾಂದಣಿಯ ಮಠಕ್ಕೆ ಹೋಗಿ ಸ್ವಾಮಿಗಳ ಮುಂದೆ ಕೂತಾಗ ಅವರು, "ಮಾಣಿಕಬಾಯಿ, ಕಡೀ ಉಸುರಿನ ತನಕಾ ನೇಮಾ ಬಿಡಲಿಲ್ಲ ನಿನ್ನ ಗಂಡ. ಅವನ ದಾರಿ ಚಲೋ ಅದ, ಅಳಬ್ಯಾಡ" ಎಂದಿದ್ದರು. ಆ ಒಂದು ಮಾತಿನ ಮೇಲೆ ಅವಳು ಇಷ್ಟು ದಿನ ಜೀವ ಹಿಡಿದಿದ್ದಾಳೆ. ಯಾರು ಬಂದರೂ, "ಹೊತ್ತಿದ್ದಾಗನ ಹೋದರು, ನೇಮಾ ಕೆಡಲಿಲ್ಲ" ಎನ್ನುತ್ತಾಳೆ. ನೀನು ಅವಳನ್ನು ಊರ ಮುಂದೆ ಕೂರಿಸಿ, ಅವಳ ಗಂಡನ ಬಾಯಿಗೆ ರಾತ್ರಿಯ ತುತ್ತು ಹಾಕಿಸುವವನು. ಮಲ್ಲಾರಿ ಅಪ್ಪನ ಜೀವ ಒಯ್ದ. ಅವ್ವನಿಗೆ ಉಳಿದದ್ದನ್ನು ನೀನು ಒಯ್ಯುತ್ತೀ.

ಆದ್ದರಿಂದ ನನ್ನ ಮಾತು ಇಷ್ಟೇ. ಆ ಊಟದ ಭಾಗವನ್ನು ಕತ್ತರಿಸಿ ತೆಗೆಸು. ನಿನ್ನ ಕೈಯಲ್ಲಿ ಆಗದಿದ್ದರೆ ಅವ್ವ ತಂಬುವಿನ ಹತ್ತಿರ ಸುಳಿಯದಂತೆ ನೋಡಿಕೋ. ಯುಗಾದಿಗೆ ನಾನು ಬಂದು ಅವಳನ್ನು ಇಲ್ಲಿಗೆ ಕರೆದುಕೊಂಡು ಬರುತ್ತೇನೆ. ಬೋಲಪಟ ಬರಲಿಲ್ಲ ಎಂದು ಅವಳಿಗೆ ಒಂದು ಸುಳ್ಳು ಬರೆದು ಹಾಕು. ಸುಳ್ಳು ಬರೆಯುವುದು ನಿನಗೆ ಹೊಸದಲ್ಲ.

ಇಷ್ಟು ಬೈದರೂ ನೀನು ನನ್ನ ತಮ್ಮನೇ. ಕಂಪನಿಯಲ್ಲಿ ರಾತ್ರಿಯೆಲ್ಲ ಕೆಲಸ ಇರುತ್ತದೆ ಎಂದು ಕೇಳಿದ್ದೇನೆ, ಕಣ್ಣು ಕೆಡಿಸಿಕೊಳ್ಳಬೇಡ. ಹೊತ್ತಿರುವಾಗ ಉಣ್ಣು. ನೂರು ವರ್ಷ ಬಾಳು, ನಿನ್ನ ಲೇಖನಿಗೆ ಒಳ್ಳೆಯ ಬುದ್ಧಿ ಬರಲಿ.

ನಿನ್ನ ಅಕ್ಕ,
ರಾಜಮತಿ

ತಾ. ಕ.: ಪತ್ರ ಮಡಚಿ ಆಗಿತ್ತು, ಮತ್ತೆ ಬಿಚ್ಚಿದೆ. ಇದನ್ನು ಓದಿ ಸುಟ್ಟುಬಿಡು. ಅಪ್ಪ ಹೋದ ಆ ಯುಗಾದಿಗೆ ನಾನು ತವರಿಗೆ ಬಂದಿದ್ದೆನಲ್ಲ, ಅಪ್ಪನ ಬಂಡಿ ಹೊರಟ ಸ್ವಲ್ಪ ಹೊತ್ತಿಗೆ ಹಗ್ಗ ಮಾರುವವನೊಬ್ಬ ಬಾಗಿಲಿಗೆ ಬಂದು ನೀರು ಕೇಳಿದ. ಬಿಸಿಲಲ್ಲಿ ಬಂದವನು ಎಂದು ನೀರಿನ ಜೊತೆ ಬೆಲ್ಲವನ್ನೂ ಕೊಟ್ಟೆ. "ಮಾಲಕರು ಈಗ ಹೋದರಲ್ಲರಿ, ರಾತ್ರಿ ಎಲ್ಲಿ ವಸ್ತಿ ಮಾಡತಾರ್ರಿ?" ಎಂದ. ನಾನು ಹೆಮ್ಮೆಯಿಂದ, "ಎಲ್ಲೇ ವಸ್ತಿ ಮಾಡಲಿ, ಹೊತ್ತು ಮುಳುಗೂದರಾಗ ಹಳ್ಳದ ಬಾವಿಗೆ ಬಂಡಿ ನಿಂದರಸತಾರ. ನಮ್ಮಪ್ಪಾ ದೀಪಾ ಹಚ್ಚಿದ ಮ್ಯಾಲೆ ಉಣ್ಣಂಗಿಲ್ಲ" ಎಂದೆ. ನಿನ್ನ ಬೋಲಪಟದ ಕುಣಿಯುವ ಹೆಣ್ಣು ನಾನೇ, ಕುಂಥು. ಕೋರ್ಟಿನಲ್ಲಿ ಅವನು ನನ್ನ ಕಡೆ ಬೆರಳು ತೋರಿಸುತ್ತಾನೆ ಎಂದು ಕಾದು ಕೂತಿದ್ದೆ. ಅವನಿಗೆ ನನ್ನ ಗುರುತೇ ಸಿಗಲಿಲ್ಲ. ಅವ್ವನಿಗೆ ಇಂದಿನವರೆಗೂ ಹೇಳಿಲ್ಲ. ಅಪ್ಪ ಕತ್ತಲಾದ ಮೇಲೆ ಉಣ್ಣುವವನಾಗಿದ್ದರೆ ಆ ಹೊತ್ತಿಗೆ ಆ ಬಾವಿ ದಾಟಿ ಹೋಗಿರುತ್ತಿದ್ದ. ಅದಕ್ಕೇ ಪರದೆಯ ಮೇಲೆ ಕಂದೀಲಿನ ಬೆಳಕಿನಲ್ಲಿ ಅವನು ತುತ್ತು ಎತ್ತಿದಾಗ, ಸಿಟ್ಟು ಬರುವ ಮೊದಲು ನನ್ನ ಮನಸ್ಸು, ಉಣ್ಣಪ್ಪಾ, ಹೊಟ್ಟೆ ತುಂಬ ಉಣ್ಣು ಎಂದಿತು.